ಥಾಯ್ ಹೋಟೆಲಿನಲ್ಲಿ ಸಸ್ಯಾಹಾರಿಗಳು ಏನು ತಿನ್ನಬಹುದು?

ಲಂಡನ್ನಿಗೋ ಸಿಡ್ನಿಗೋ ಕೆಲಸಕ್ಕೆ ಹೋದವರು ಆಫೀಸಿನವರ ಜೊತೆ ಥಾಯ್ ಊಟಕ್ಕೆ ಹೊರಡುವ ಮುಂಚೆ ಕೇಳುವ ಪ್ರಶ್ನೆ ಇದು. ತಿನ್ನಲು ಬೇಕಾದಷ್ಟಿದೆ. ಆದರೆ ಮೆನುವಿನಲ್ಲಿ ‘ತೋಫು, ತರಕಾರಿ’ ಅಂತ ಬರೆದದ್ದನ್ನು ನೋಡಿ ನಿಶ್ಚಿಂತರಾಗಬೇಡಿ. ಎಷ್ಟೋ ಕಡೆ ಕೋಳಿಯ ಬದಲು ತೋಫು ಬೀಳುತ್ತದೆ, ಅಷ್ಟೇ. ಉಪ್ಪಿನ ಕೆಲಸ ಮಾಡುವ ನಾಮ್ ಪ್ಲಾ, ಅಂದರೆ ಪುಟ್ಟ ಮೀನುಗಳನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಬಸಿದ ರಸ, ಹಾಗೇ ಇರುತ್ತದೆ.

‘ಮಾಂಸ ಇದೆಯಾ’ ಅಂತ ಕೇಳಿ ಪ್ರಯೋಜನವಿಲ್ಲ. ಯಾವುದು ಆರ್ಡರ್ ಕೊಟ್ಟ ಮೇಲೆ ತಯಾರಾಗುತ್ತದೆ, ಯಾವುದು ಮೊದಲೇ ಆಗಿಬಿಟ್ಟಿದೆ ಅಂತ ಕೇಳಿ. ಕೆಂಪು, ಹಸಿರು ಕರಿಗಳ ಮಸಾಲೆಯಲ್ಲಿ ಮೆಣಸಿನಕಾಯಿ, ಮಜ್ಜಿಗೆಹುಲ್ಲು, ಶುಂಠಿಯ ಜಾತಿಯ ಗಲಂಗಲ್ ಜೊತೆ ಸಾಮಾನ್ಯವಾಗಿ ಕಪಿಯೂ ಸೇರಿರುತ್ತದೆ. ಕಪಿ ಅಂದರೆ ಸೀಗಡಿ ಹುದುಗಿಸಿ ಅರೆದ ಪೇಸ್ಟ್. ಅರೆದು ಡಬ್ಬಕ್ಕೆ ತುಂಬಿದ ಮೇಲೆ ಅದನ್ನು ತೆಗೆಯುವುದು ಯಾರಿಂದಲೂ ಆಗದು. ಟಾಮ್ ಯಮ್ ಸೂಪಿಗೆ ಹಾಕುವ ಸುಟ್ಟ ಮೆಣಸಿನ ಪೇಸ್ಟಿನಲ್ಲೂ ಒಣಸೀಗಡಿ ಇರುವುದೇ ಹೆಚ್ಚು. ಹುರಿದ ಅಕ್ಕಿ ನೂಡಲ್ಸ್ ಆದ ಪ್ಯಾಡ್ ಥಾಯ್ ಎಲ್ಲರ ಅಚ್ಚುಮೆಚ್ಚು. ಆದರೆ ಹುಣಸೆರಸ, ತಾಳೆಬೆಲ್ಲ, ನಾಮ್ ಪ್ಲಾ ಕೂಡಿದ ಅದರ ಸಾಸನ್ನು ಬಹಳಷ್ಟು ಕಡೆ ಮುಂಚೆಯೇ ಕಾಯಿಸಿ ಇಟ್ಟಿರುತ್ತಾರೆ.

ಬಾಣಲೆಯಲ್ಲಿ ಆಗಿಂದಾಗ್ಗೆ ಹುರಿಯುವುದನ್ನು ಆರಿಸಿಕೊಳ್ಳಿ. ಪ್ಯಾಡ್ ಸೀ ಇವ್ ಒಳ್ಳೆಯ ಆಯ್ಕೆ: ಅಗಲವಾದ ಅಕ್ಕಿ ನೂಡಲ್ಸ್, ಕಪ್ಪು ಸೋಯಾ ಸಾಸ್, ಸೊಪ್ಪು. ಸಮುದ್ರದ ಸಿಂಪಿಯಿಂದ ಮಾಡುವ ಆಯ್ಸ್ಟರ್ ಸಾಸ್ ಬದಲು ಅಣಬೆ ಸಾಸ್ ಹಾಕಲು, ಬೇಡವಾದರೆ ಮೊಟ್ಟೆಯನ್ನೂ ಬಿಡಲು ಹೇಳಿ. ಪಪ್ಪಾಯಿಕಾಯಿಯ ಕೋಸಂಬರಿಯಂಥ ಸೋಮ್ ತಮ್ ಕೂಡ ಎದುರಿಗೇ ಕುಟ್ಟುವಂಥದ್ದು. ನಾಮ್ ಪ್ಲಾ ಬದಲು ಉಪ್ಪು ಹಾಕಿ, ಒಣಸೀಗಡಿ ಬಿಟ್ಟರೆ ಬೆಳ್ಳುಳ್ಳಿ, ಹಸಿಮೆಣಸು, ನಿಂಬೆ, ಬೆಲ್ಲ, ಕಡಲೆಬೀಜ ಉಳಿಯುತ್ತವೆ, ರುಚಿಯೇನೂ ಕೆಡದು. ಒರಳು ಮಾತ್ರ ಒಂದೇ. ಹಿಂದಿನ ಗಿರಾಕಿಗೆ ಅದರಲ್ಲೇ ಏಡಿ ಕುಟ್ಟಿದ್ದಿರಬಹುದು. ಮಡಿ ಇರುವವರು ತೊಳೆದುಕೊಳ್ಳಲು ಹೇಳಲಿ, ಅಥವಾ ಅದರ ಆಸೆ ಬಿಡಲಿ.

ಅಡುಗೆಯವರು ಥಾಯ್ ಆಗಿದ್ದರೆ ‘ಮೈ ಸೈ ನಾಮ್ ಪ್ಲಾ, ಮೈ ಸೈ ಕಪಿ’ ಅನ್ನಿ. ಅವೆರಡನ್ನೂ ಹಾಕಬೇಡಿ ಅಂತ. ಇನ್ನೂ ಗಟ್ಟಿಯಾದ ಮಾತು ‘ಜೇ’. ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಅದರಲ್ಲಿ ನಿಷಿದ್ಧ. ಜೈನರಿಗೂ ಮಾಧ್ವರ ಮನೆಯವರಿಗೂ ಇದಕ್ಕಿಂತ ಅನುಕೂಲದ ಪದ ಸಿಗದು. ಥಾಯ್ಲೆಂಡಿನಲ್ಲಾದರೆ ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತದೆ.

ವಿಯೆಟ್ನಾಂ ಹೋಟೆಲಿನಲ್ಲಿ ಅದೇ ಕೆಲಸಕ್ಕೆ ‘ಚಾಯ್’ ಅನ್ನಿ. ಹಾಗೆನ್ನದೆ ತರಕಾರಿ ಫೋ, ಅಂದರೆ ಅಲ್ಲಿನ ನೂಡಲ್ಸ್ ಸೂಪು, ತರಿಸಿದರೆ ಮೇಲೆ ತರಕಾರಿ, ಕೆಳಗೆ ದನದ ಮೂಳೆ ಕುದಿಸಿದ ಸಾರು ಬಂದೀತು. ಮಲೇಷ್ಯಾದ ರೋಟಿ ಚನಾಯ್ ನಮ್ಮ ಪರೋಟದ ನೆಂಟ. ರೋಟಿಗೆ ಹಸುವಿನ ತುಪ್ಪವೋ ಮಾರ್ಗರಿನ್ನೋ ಇರಬಹುದು, ಅಡ್ಡಿಯಿಲ್ಲ. ನೆಂಚಿಕೊಳ್ಳಲು ಕೊಡುವ ಬೇಳೆಯಲ್ಲಿ ಕುರಿಮೂಳೆ ಬಿದ್ದಿದೆಯೇ ಅಂತ ಕೇಳಿ, ಮೀನಿನ ಸಾರನ್ನು ಅದರ ಮೇಲೆ ಸುರಿಯಬೇಡಿ ಅಂತಲೂ ಹೇಳಿ.