ವಂಶಾವಳಿಯ ವರದಿಯನ್ನು ಯಾವ ರೂಪದಲ್ಲಿ ಕೊಡಬೇಕು?

ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ ಮಾಡುವ ನಾನು ಕೆಲವು ವರ್ಷಗಳಿಂದ ಮನೆತನಗಳ ವಂಶಾವಳಿಗಳನ್ನೂ ಸಿದ್ಧಪಡಿಸಿಕೊಡುತ್ತಿದ್ದೇನೆ. ವಿವರಗಳನ್ನು ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶಕ್ಕೆ ತುಂಬಿದರೆ ಪಿಡಿಎಫ್, ಓಡಿಟಿ (ತೆರೆದು ತಿದ್ದಬಹುದಾದ ದಾಖಲೆ), ಎಚ್‌ಟಿಎಂಎಲ್ (ವೆಬ್ ಪುಟ) ಮುಂತಾದ ರೂಪಗಳಲ್ಲಿ ವರದಿ ತೆಗೆಯಬಹುದು. ಮೊದಮೊದಲು ನಾನು ಎಲ್ಲರಿಗೂ ಪಿಡಿಎಫ್ ಅನ್ನೇ ಕೊಡುತ್ತಿದ್ದೆ; ಫಾಂಟ್ ಕಡತದೊಳಗೇ ಅಡಕವಾಗಿರುವುದರಿಂದ ಯಾರ ಮೊಬೈಲಿನಲ್ಲಿ ತೆರೆದರೂ ಪುಟ ಕದಲುವುದಿಲ್ಲ ಎಂಬುದೊಂದೇ ನನಗೆ ಮುಖ್ಯವಾಗಿತ್ತು.

ಆ ಪದ್ಧತಿ ಸಾಲದೆಂದು ತಿಳಿದದ್ದು ಸಾಗರದ ಕಡೆಯ ಒಂದು ಮನೆತನದ ಕೆಲಸದಲ್ಲಿ. 1964ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಶರಾವತಿ ಕಣಿವೆಯ ಊರುಗಳು ಮುಳುಗಿದಾಗ ಅವರ ಹಿರಿಯರು ದಿಕ್ಕಿಗೊಬ್ಬರಾಗಿ ಚದುರಿದ್ದರಿಂದ, ಒಂದೊಂದು ಕವಲಿನ ನೆನಪು ಒಂದೊಂದು ಮನೆಯಲ್ಲಿ ಉಳಿದಿತ್ತು. ಕರಡನ್ನು ಪಿಡಿಎಫ್ ಮಾಡಿ ಎಲ್ಲರಿಗೂ ಕಳಿಸಿದೆ. ಒಬ್ಬರು ಅದರಿಂದ ಒಂದು ಸಾಲನ್ನು ನಕಲು ಮಾಡಿ, ತಿದ್ದಿ ಕಳಿಸಿದ್ದರು. ಅದರಲ್ಲಿ ‘ಲಕ್ಷ್ಮಮ್ಮ’ ಎಂಬ ಹೆಸರಿನ ಒತ್ತುಗಳೆಲ್ಲ ಕಳಚಿಹೋಗಿದ್ದವು. ಪುಟದಲ್ಲಿ ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುತ್ತಿದ್ದ ಆ ಹೆಸರು ಹುಡುಕಿದರೆ ಸಿಗಲಿಲ್ಲ. ಪಿಡಿಎಫ್ ಮುಖ್ಯವಾಗಿ ಅಕ್ಷರದ ಆಕಾರವನ್ನು ಅದರ ಜಾಗದಲ್ಲಿ ಕೂರಿಸುತ್ತದೆ. ಆ ಆಕಾರ ಯಾವ ವ್ಯಂಜನಗಳು ಕೂಡಿ ಆದದ್ದು ಎಂಬುದು ಕನ್ನಡದ ಒತ್ತಕ್ಷರಗಳ ವಿಷಯದಲ್ಲಿ ಎಷ್ಟೋ ಸಲ ಮರಳಿ ದೊರೆಯುವುದಿಲ್ಲ.

ಅಂದಿನಿಂದ ಕರಡನ್ನು ಓಡಿಟಿಯಲ್ಲೇ ಕಳಿಸುತ್ತೇನೆ. ಅದನ್ನು ತೆರೆಯುವ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಬದಲಾವಣೆಗಳನ್ನು ದಾಖಲಿಸುವ ವ್ಯವಸ್ಥೆಯನ್ನು ಚಾಲೂ ಮಾಡಿಟ್ಟರೆ ಯಾರು ಯಾವಾಗ ಏನನ್ನು ತಿದ್ದಿದರೆಂಬುದು ಉಳಿಯುತ್ತದೆ. ಕಂಪ್ಯೂಟರ್ ಬಳಸದ ಹಿರಿಯರಿಗೆ ಅದನ್ನೇ ದಪ್ಪಕ್ಷರದಲ್ಲಿ, ಅಂಚನ್ನು ಅಗಲವಾಗಿ ಬಿಟ್ಟು ಮುದ್ರಿಸಿಕೊಡುತ್ತೇನೆ. ಹೊಸನಗರದ ಅಜ್ಜಿಯೊಬ್ಬರು ಆ ಅಂಚಿನಲ್ಲಿ ಪೆನ್ಸಿಲಿನಿಂದ ‘ಇವಳು ನನಗೆ ತಂಗಿಯಲ್ಲ, ಅಕ್ಕ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ಅಂಥ ತಿದ್ದುಪಡಿ ಬೇರೆಲ್ಲಿಯೂ ಸಿಗುವಂಥದ್ದಲ್ಲ. ಎಲ್ಲರೂ ಒಪ್ಪಿದ ಮೇಲೆಯೇ ಪಿಡಿಎಫ್.

ಗೋಡೆಗೆ ಹಾಕುವ ವಂಶವೃಕ್ಷದ ಲೆಕ್ಕ ಬೇರೆ. ಚುಕ್ಕಿಗಳಿಂದಾದ ಪಿಎನ್‌ಜಿ ಚಿತ್ರವನ್ನು ಫ್ಲೆಕ್ಸ್ ಅಳತೆಗೆ ಹಿಗ್ಗಿಸಿದರೆ ಹೆಸರುಗಳು ಮಸುಕಾಗುತ್ತವೆ. ಎಸ್‌ವಿಜಿ ರೇಖೆಗಳ ರೂಪದ್ದಾದ್ದರಿಂದ ಎಷ್ಟು ಹಿಗ್ಗಿಸಿದರೂ ಕೆಡುವುದಿಲ್ಲ. ಆದರೆ ಫ್ಲೆಕ್ಸ್ ಅಂಗಡಿಯವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಚೌಕಗಳು ಬರಬಹುದು. ಹಾಗಾಗಿ ಅಕ್ಷರಗಳನ್ನು ಮೊದಲೇ ರೇಖೆಗಳಾಗಿ ಬದಲಿಸಿ ಕೊಡಬೇಕು.

ಇವೆಲ್ಲದರ ಜೊತೆಗೆ ಜೆಡ್‌ಕಾಂ ಕಡತವನ್ನೂ ಕೊಡದೆ ಕೆಲಸ ಮುಗಿಯಿತೆನ್ನುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಅದು ಓದುವ ವರದಿಯಲ್ಲ, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ವಿವರಗಳನ್ನು ಸಾಗಿಸುವ ರೂಪ. ಮುಂದೆ ಮಗು ಹುಟ್ಟಿದಾಗ ನನ್ನನ್ನು ಹುಡುಕಿಕೊಂಡು ಬರದೆ ಮನೆಯವರೇ ಹೆಸರು ಸೇರಿಸಿಕೊಳ್ಳಬಹುದು. ಕನ್ನಡದ ಹೆಸರುಗಳು ಕೆಡದಂತೆ ಅದು ಯುಟಿಎಫ್-8 ಎಂಬ ಯುನಿಕೋಡ್ ಸಂಕೇತ ಪದ್ಧತಿಯಲ್ಲಿ ಇರಬೇಕು. 2021ರಲ್ಲಿ ಬಂದ ಜೆಡ್‌ಕಾಂನ 7.0 ಆವೃತ್ತಿ ಅದನ್ನೇ ಕಡ್ಡಾಯ ಮಾಡಿದೆ. ಜೆಡ್‌ಕಾಂ ಕಡತದಲ್ಲಿ ಸಾಮಾನ್ಯವಾಗಿ ಫೋಟೋ ಇರುವ ಜಾಗದ ಉಲ್ಲೇಖವಷ್ಟೇ ಇರುತ್ತದೆ. ಆದ್ದರಿಂದ ಫೋಟೋಗಳ ಫೋಲ್ಡರನ್ನೂ ಅದೇ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ.