ಹಿತ್ತಲ ಗ್ಯಾಸ್ ದೀಪ: ಸುಣ್ಣ ಗೆದ್ದ ಭಾನುವಾರ

ಇವತ್ತು ಕೊನೆಗೂ ಗ್ಯಾಸಿನ ವಾಸನೆ ಇಳಿಯಿತು!

1812ರಲ್ಲಿ ರಾಜಸನ್ನದು ಪಡೆದ ಲಂಡನ್ನಿನ ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪನಿ ಕಲ್ಲಿದ್ದಲಿನಿಂದ ಹೇಗೆ ಬೆಳಕು ಮಾಡುತ್ತಿತ್ತು ಅಂತ ಹಿತ್ತಲಲ್ಲಿ ಚಿಕ್ಕದಾಗಿ ಕಟ್ಟಿ ನೋಡುತ್ತಿದ್ದೇನೆ. ಕುಲುಮೆಯಿಂದ ತಂದ ಕಲ್ಲಿದ್ದಲನ್ನು ಕುಟ್ಟಿ ಕಬ್ಬಿಣದ ಪೈಪಿಗೆ ತುಂಬಿ, ಒಂದು ಬಾಯಿ ಮುಚ್ಚಿ, ಕೆಂಪಗೆ ಕಾಯಿಸುತ್ತೇನೆ. ಹೊಗೆ ನೀರಿನ ಬಾಟಲಿಗೆ ಇಳಿಯುತ್ತದೆ, ಟಾರು ಅಲ್ಲೇ ತಂಗುತ್ತದೆ. ಉಳಿದ ಗ್ಯಾಸ್ ನಳಿಕೆಯ ತುದಿಯಲ್ಲಿ ಹಳದಿಯಾಗಿ ಉರಿಯುತ್ತದೆ. ಇದರಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗಾಳಿ ಇರುವುದರಿಂದ ಬಯಲಲ್ಲೇ ಮಾಡಬೇಕು, ಮನೆಯೊಳಗೆ ಬೇಡವೇ ಬೇಡ.

ತೊಂದರೆ ಇದ್ದದ್ದು ಕೊಳೆತ ಮೊಟ್ಟೆಯ ನಾತದ್ದು. ಕಂಪನಿಯ ಎಂಜಿನಿಯರ್ ಸ್ಯಾಮ್ಯುಯೆಲ್ ಕ್ಲೆಗ್ ಗ್ಯಾಸನ್ನು ಸುಣ್ಣದಲ್ಲಿ ಹಾಯಿಸಿ ತೊಳೆಯುತ್ತಿದ್ದ. ಹೋದ ವಾರ ನಾನು ತಿಳಿ ಸುಣ್ಣದ ನೀರು ಇಟ್ಟಿದ್ದೆ. ಎರಡೇ ನಿಮಿಷಕ್ಕೆ ಹಾಲಿನಂತೆ ಬೆಳ್ಳಗಾಯಿತು, ವಾಸನೆ ಹಾಗೇ ಇತ್ತು. ಇವತ್ತು ಗೋಡೆಗೆ ಬಳಿಯುವಷ್ಟು ಮಂದವಾಗಿ ಸುಣ್ಣ ಕಲಸಿ, ಕಡ್ಡಿಯಿಂದ ಕಲಕುತ್ತಲೇ ಇದ್ದೆ. ನಾತ ಬರಿಸುವ ಗಂಧಕದ ಗ್ಯಾಸ್ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಅದರಿಂದಲೇ ಪರೀಕ್ಷಿಸಿದೆ. ತೊಳೆಯುವ ಮುಂಚಿನ ಗ್ಯಾಸಿಗೆ ಹಿಡಿದ ಬೆಳ್ಳಿ ಚೂರು ಕಂದಿ ಕಪ್ಪಾಯಿತು. ತೊಳೆದ ಗ್ಯಾಸಿಗೆ ಹಿಡಿದ ಚೂರಿನ ಅಂಚು ಮಾತ್ರ ಸ್ವಲ್ಪ ಮಂಕಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಹೊತ್ತು ನೋಡಿದೆನೋ!

ಗ್ಯಾಸ್ ದೀಪ ಅಂದರೆ ಎಲ್ಲರಿಗೂ ವಿಲಿಯಂ ಮರ್ಡಾಕ್ ನೆನಪಾಗುತ್ತಾನೆ. 1792ರಲ್ಲೇ ಕಾರ್ನ್‌ವಾಲಿನ ರೆಡ್‌ರೂತ್‌ನಲ್ಲಿ ಅವನು ತನ್ನ ಮನೆ ಬೆಳಗಿಸಿದ್ದ, ನಿಜ. ಆದರೆ ಒಂದು ಕಡೆ ಗ್ಯಾಸ್ ಮಾಡಿ, ಬೀದಿಯಡಿಯ ಪೈಪಿನಲ್ಲಿ ಊರಿಗೆಲ್ಲ ಹಂಚಬೇಕು ಅಂತ ಹಟ ಹಿಡಿದವನು ಜರ್ಮನಿಯಿಂದ ಬಂದ ಫ್ರೆಡ್ರಿಕ್ ವಿನ್ಸರ್. 1807ರಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ದೀಪ ಹಚ್ಚಿ ತೋರಿಸಿದ. ಲಾಭದ ಬಗ್ಗೆ ಅವನು ಹೇಳಿದ್ದೆಲ್ಲ ಜಾಸ್ತಿಯೇ ಆಯಿತು. ಆದರೂ ನನಗೆ ಅವನ ಮೇಲೆ ತುಂಬಾ ಗೌರವ. ನಲ್ಲಿ ನೀರಿನ ಹಾಗೆ ಬೆಳಕೂ ಮನೆಗೆ ಬರಬಹುದು ಅಂತ ಅವನಿಗೆ ಹೊಳೆಯಿತಲ್ವಾ! 1813ರ ಡಿಸೆಂಬರ್ 31ರ ರಾತ್ರಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ, ಅವನ ಹಟದಿಂದಲೇ ಹುಟ್ಟಿದ ಈ ಕಂಪನಿಯ ದೀಪಗಳು ಹೊತ್ತಿದವು. ಕಂಪನಿ 1949ರವರೆಗೂ ನಡೆಯಿತು, ಆಮೇಲೆ ಸರ್ಕಾರದ ಕೈಸೇರಿತು.

ಇನ್ನು ಗ್ಯಾಸ್ ತುಂಬಿಡುವ ಗುಮ್ಮಟ. ಬಕೆಟ್ಟಿನ ನೀರಿನಲ್ಲಿ ಬೋರಲು ಹಾಕಿದ ಡಬ್ಬಿ, ಗ್ಯಾಸ್ ತುಂಬಿದಂತೆ ಮೇಲೇಳುತ್ತದೆ. ಒಳಗೆ ಗಾಳಿ ಬೆರೆತಿದ್ದರೆ ಕಿಡಿ ತಾಗಿದ ಕೂಡಲೇ ಸಿಡಿಯುತ್ತದೆ. ಹಾಗಾಗಿ ಮೊದಲ ಎರಡು ಡಬ್ಬಿ ಗ್ಯಾಸನ್ನು ಒಲೆಯಿಂದ ದೂರ, ಬಯಲಿಗೆ ಬಿಟ್ಟು, ಮೂರನೆಯದನ್ನು ಮಾತ್ರ ಹಚ್ಚುತ್ತೇನೆ. ಡಬ್ಬಿ ಸಿಕ್ಕಿದೆ. ಅದು ವಾಲದಂತೆ ನೆಟ್ಟಗೆ ಏರಲು ಪಕ್ಕಕ್ಕೆ ಮೂರು ಸರಳು ನಿಲ್ಲಿಸಬೇಕು.