‘ನಿಮ್ಮವರಿಗೆ ಹೊರದೇಶದಿಂದ ಹಣ ಬರುತ್ತದಲ್ಲ, ನೀವೇಕೆ ಕೊಡುತ್ತೀರಿ ಟೀಚರೇ?’

ಮೂಡಿಗೆರೆಯ ಕಾಫಿ ವ್ಯಾಪಾರಿಯ ಅಂಗಡಿಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಚಿಕ್ಕಮಗಳೂರಿಗೆ ಹೋಗುವ ಬಸ್ಸಿನಲ್ಲಿ ಇದೇ ಪ್ರಶ್ನೆ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಓದಲು ಕೊಡುತ್ತೇನೆ.

ವಿಷಯ ಇಷ್ಟು. ನನಗೆ ಶಾಲೆಯ ಪಿಂಚಣಿ ಬರುತ್ತದೆ, 3 ಎಕರೆ ರೋಬಸ್ಟಾ ಕಾಫಿ ತೋಟವಿದೆ. ಪ್ರತಿ ವರ್ಷ ಚೆರಿ (ಒಣಗಿದ ಕಾಫಿ ಹಣ್ಣು) ಮಾರಿದ ದಿನ ಒಂದು ಮೂಟೆಯ, ಅಂದರೆ 50 ಕಿಲೋದ ಬೆಲೆಯನ್ನು ಬೆಂಗಳೂರಿನ ಒಂದು ಸಣ್ಣ ಕ್ರೈಸ್ತ ಸಂಸ್ಥೆಗೆ ಕಳುಹಿಸುತ್ತೇನೆ. ಅವರು ಸತ್ಯವೇದದ (ಬೈಬಲಿನ) ವ್ಯಾಖ್ಯಾನಗಳನ್ನು, ದೈವಶಾಸ್ತ್ರದ ಪಠ್ಯಗಳನ್ನು ಕನ್ನಡದಲ್ಲಿ ಅಚ್ಚು ಹಾಕುತ್ತಾರೆ. ಹಳ್ಳಿಯ ಉಪದೇಶಿಗಳಿಗೆ, ಅಂದರೆ ಪಾದ್ರಿಯಿಲ್ಲದ ಕಡೆ ಪ್ರಾರ್ಥನೆ ನಡೆಸುವವರಿಗೆ, ಅಂಚೆಯ ಮೂಲಕ ಪಾಠ ಕಲಿಸುತ್ತಾರೆ.

ಪ್ರಶ್ನೆಯಲ್ಲಿರುವ ‘ನಿಮ್ಮವರು’ ಎಂಬ ಮಾತು ನನಗೆ ಹಿಡಿಸುವುದಿಲ್ಲ. ನಾನು ಈ ಊರಿನ ಮಕ್ಕಳಿಗೆ 31 ವರ್ಷ ಕನ್ನಡ ಕಲಿಸಿದವಳು. ಕೇಳುವವರಲ್ಲಿ ಅರ್ಧದಷ್ಟು ಜನರ ಕೈ ಹಿಡಿದು ಅಕ್ಷರ ತಿದ್ದಿಸಿದ್ದೇನೆ. ನಾನು ಯಾರವಳು ಎಂದು ಅವರಿಗೆ ಗೊತ್ತಿರಬೇಕು. ಇನ್ನು ಹೊರದೇಶದ ಹಣದ ಮಾತು. ವಿದೇಶಿ ದೇಣಿಗೆ ಪಡೆಯಲು 2010ರ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದಲ್ಲಿ ನೋಂದಣಿಯಾಗಬೇಕು ಅಥವಾ ಮುಂಚಿತವಾಗಿ ಅನುಮತಿ ಪಡೆಯಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬಂದದ್ದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತೆಯೂ ಇಲ್ಲ. ನಾನು ಕೊಡುವ ಸಂಸ್ಥೆಗೆ ಆ ನೋಂದಣಿಯೂ ಇಲ್ಲ, ಅನುಮತಿಯೂ ಇಲ್ಲ. ಅಲ್ಲಿಗೆ ಬರುವುದು ನನ್ನಂಥವರು ಕಳುಹಿಸುವ ಹಣ ಮಾತ್ರ.

ನಮ್ಮ ಚರ್ಚಿನ ಸಭೆಯ ಒಳಗಿನವರು ಬೇರೆ ರೀತಿ ಕೇಳುತ್ತಾರೆ: ‘ಪುಸ್ತಕಕ್ಕೆ ಯಾಕೆ, ಬಡವರಿಗೆ ಅಕ್ಕಿ ಕೊಡಬಾರದೇ?’ ಅಕ್ಕಿಯನ್ನೂ ಕೊಡುತ್ತೇನೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಪುಸ್ತಕದ ಮಾತು ಬಂದಾಗ ಮಾತ್ರ ಎಲ್ಲರಿಗೂ ಬಡವರ ನೆನಪಾಗುತ್ತದೆ. ಬಡವರಿಗೆ ಹಸಿವು ಮಾತ್ರ ಇರುತ್ತದೆ, ಪ್ರಶ್ನೆಗಳಿರುವುದಿಲ್ಲ ಎಂದು ಇವರಿಗೆ ಹೇಳಿದವರಾರು?

ಒಂದು ಸಾವಿನ ಮನೆಯನ್ನು ನಾನು ಮರೆತಿಲ್ಲ. ಕೊಯ್ಲಿನ ಕಾಲ. ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಹನ್ನೊಂದು ವರ್ಷದ ಹುಡುಗ ಜ್ವರ ಬಂದು ತೀರಿಕೊಂಡಿದ್ದ. ಸಭಾಪಾಲಕರು ಬೇರೆ ಊರಿಗೆ ಹೋಗಿದ್ದರು, ಅಂತ್ಯಕ್ರಿಯೆ ನಡೆಸಲು ಬಂದವರು ಉಪದೇಶಿ. ವಾರವೆಲ್ಲ ಬಟ್ಟೆ ಹೊಲಿದು, ಭಾನುವಾರ ಮೂರು ಲೈನ್‌ಗಳಲ್ಲಿ ಪ್ರಾರ್ಥನೆ ನಡೆಸುವ ಮನುಷ್ಯ. ಓದಿದ್ದು ಏಳನೆಯ ತರಗತಿ, ಕನ್ನಡ ಮಾಧ್ಯಮ. ಮಣ್ಣು ಮುಚ್ಚಿ ಬಂದ ಮೇಲೆ ಹುಡುಗನ ತಾಯಿ ಅವರನ್ನು ಕೇಳಿದಳು: ‘ಅಯ್ಯನವರೇ, ಮೂರು ದಿನ ಉಪವಾಸವಿದ್ದು ಬೇಡಿಕೊಂಡೆ. ದೇವರಿಗೆ ಯಾಕೆ ಕೇಳಿಸಲಿಲ್ಲ?’

ಉಪದೇಶಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಂಬಿಕೆ ಸಾಲದೆ ಹೋಯಿತೇನೋ ಅಮ್ಮ’ ಎಂದರು.

ಆಕೆ ಅಳು ನಿಲ್ಲಿಸಿ ಅವರ ಮುಖವನ್ನೇ ನೋಡಿದಳು. ಆಮೇಲೆ ಎರಡು ವರ್ಷ ಪ್ರಾರ್ಥನೆಗೆ ಬರಲಿಲ್ಲ.

ಅವರು ಕೆಟ್ಟವರಲ್ಲ. ಆ ರಾತ್ರಿಯೇ ನಮ್ಮ ಮನೆಗೆ ಬಂದರು. ಕಣದಲ್ಲಿ ಹರಡಿದ್ದ ಕಾಫಿಯ ಪಕ್ಕ ಕುಳಿತು, ‘ತಪ್ಪು ಮಾತಾಡಿದೆ ಟೀಚರ್. ಮೊಬೈಲಿನಲ್ಲಿ ಒಬ್ಬ ಬೋಧಕರು ಹೀಗೆ ಹೇಳುವುದನ್ನು ಕೇಳಿದ್ದೆ, ಬಾಯಿಗೆ ಅದೇ ಬಂತು. ಇದರ ಬಗ್ಗೆ ಓದಲು ಏನಾದರೂ ಇದೆಯೇ?’ ಎಂದು ಕೇಳಿದರು. ನನ್ನ ಕಪಾಟಿನಲ್ಲಿ, ಸತ್ಯವೇದದಲ್ಲಿ ನಿರಪರಾಧಿಯ ಸಂಕಟದ ಕಥೆ ಹೇಳುವ ಯೋಬನ ಗ್ರಂಥದ ಮೇಲೆಯೇ ಎರಡು ದಪ್ಪ ವ್ಯಾಖ್ಯಾನಗಳಿದ್ದವು. ಎರಡೂ ಇಂಗ್ಲಿಷ್. ಅವರ ಕೈಗೆ ಕೊಡಬಹುದಾದ ಒಂದು ಹಾಳೆಯೂ ನನ್ನ ಬಳಿ ಇರಲಿಲ್ಲ. ಕನ್ನಡದ ಟೀಚರ್ ಎನಿಸಿಕೊಂಡವಳಿಗೆ ಆ ರಾತ್ರಿ ಆದ ಸಂಕಟವನ್ನು ನಾನು ಯಾರಿಗೂ ಹೇಳಿರಲಿಲ್ಲ.

ಯೋಬನ ಮೂವರು ಗೆಳೆಯರು ಅವನ ದುಃಖ ಕಂಡು ಏಳು ದಿನ, ಏಳು ರಾತ್ರಿ ಒಂದು ಮಾತೂ ಆಡದೆ ಅವನೊಂದಿಗೆ ನೆಲದ ಮೇಲೆ ಕುಳಿತಿದ್ದರು. ಬಾಯಿ ತೆರೆದ ಮೇಲೆ ಅವರು ಹೇಳಿದ್ದು ನಮ್ಮ ಉಪದೇಶಿ ಹೇಳಿದ್ದನ್ನೇ: ತಪ್ಪು ನಿನ್ನದೇ ಇರಬೇಕು. ಕೊನೆಯಲ್ಲಿ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ, ಯೋಬನ ಮೇಲಲ್ಲ. ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪ ಎಂದು ಶಿಷ್ಯರು ಕೇಳಿದಾಗ ಯೇಸು, ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎನ್ನುತ್ತಾನೆ. ಇದನ್ನು ನಮ್ಮ ಉಪದೇಶಿಗೆ ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ಆ ತಾಯಿ ಆ ಮಾತು ಕೇಳಬೇಕಾಗಿರಲಿಲ್ಲ. ದೈವಶಾಸ್ತ್ರವೆಂದರೆ ಸೆಮಿನರಿಯಲ್ಲಿ ಪದವಿಗಾಗಿ ಓದುವ ವಿಷಯ ಎಂದುಕೊಂಡವರಿಗೆ ನಾನು ಈ ಲೈನ್ ಮನೆಯನ್ನು ತೋರಿಸುತ್ತೇನೆ.

ಪುಸ್ತಕ ಮಾರಿದ ಹಣದಲ್ಲೇ ಸಂಸ್ಥೆಯವರು ನಡೆಸಿಕೊಳ್ಳಲಿ ಎನ್ನುವವರು ಅಚ್ಚಿನ ಮನೆಗೆ ಒಮ್ಮೆ ಹೋಗಿಬರಲಿ. ಅನುವಾದ, ಅಕ್ಷರ ಜೋಡಣೆ, ಕರಡು ತಿದ್ದುವ ಖರ್ಚು 500 ಪ್ರತಿಗೂ ಅಷ್ಟೇ, 5,000 ಪ್ರತಿಗೂ ಅಷ್ಟೇ. ಇಂಥ ಪುಸ್ತಕ 500ರ ಮೇಲೆ ಅಚ್ಚಾಗುವುದು ಅಪರೂಪ. ಕೊಳ್ಳುವವರು ದಿನಗೂಲಿಯವರು. ಅಸಲು ಬೆಲೆಗೆ ಮಾರಿದರೂ ಅವರಿಗೆ ಅದು ಒಂದು ದಿನದ ಸಂಬಳ.

ಕನ್ನಡದ ಪುಸ್ತಕಕ್ಕಾಗಿ ಹಣ ಕೊಡುವುದು ಹೊಸ ಹುಚ್ಚೂ ಅಲ್ಲ. 1848ರಿಂದ 1853ರವರೆಗೆ ಜರ್ಮನಿಯ ಮಿಷನರಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಮುದ್ರಿಸಿದರು. ಅದಕ್ಕೆ ಹಣ ಕೊಟ್ಟವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ‘ನಿಮಗೇಕೆ ಬೇಕು ಈ ಖರ್ಚು’ ಎಂದು ಅವರನ್ನೂ ಯಾರೋ ಕೇಳಿಯೇ ಇರುತ್ತಾರೆ. ತಾಳೆಗರಿಯಲ್ಲಿದ್ದ ಪದಗಳು ಅಚ್ಚಾಗಿ ಉಳಿದವು.

‘ಆ ಸಂಸ್ಥೆಯಿಂದ ಲೆಕ್ಕ ಕೇಳುತ್ತೀರಾ?’ ಎಂದರೆ ಸಂತೋಷದಿಂದ ಉತ್ತರಿಸುತ್ತೇನೆ. ಕೇಳುತ್ತೇನೆ. ಪ್ರತಿ ವರ್ಷ ಲೆಕ್ಕಪರಿಶೋಧಕರ ವರದಿ ತರಿಸಿಕೊಳ್ಳುತ್ತೇನೆ. ಒಂದು ವರ್ಷ ವರದಿ ತಡವಾಯಿತು, ಅದು ಕೈಸೇರುವವರೆಗೆ ನಾನು ಹಣ ಕಳುಹಿಸಲಿಲ್ಲ. ದೇವರ ಹೆಸರಿನಲ್ಲಿ ಕೊಟ್ಟ ಹಣಕ್ಕೆ ಲೆಕ್ಕ ಇನ್ನಷ್ಟು ಬಿಗಿಯಾಗಿರಬೇಕು.

ಆದರೆ ಸಾವಿನ ಮನೆಯ ಕಥೆಯನ್ನು ಇಷ್ಟು ಜನರಿಗೆ ಹೇಳಿದ್ದೇನೆ, ‘ಆ ಉಪದೇಶಿ ಆಮೇಲೆ ಏನು ಮಾಡಿದರು?’ ಎಂದು ಒಬ್ಬರೂ ಕೇಳಲಿಲ್ಲ. ಕೇಳಬೇಕಾದದ್ದು ಅದನ್ನು.

ಅವರು ಅಂಚೆ ಪಾಠಕ್ಕೆ ಸೇರಿದರು. ರಾತ್ರಿ ಹೊಲಿಗೆ ಯಂತ್ರದ ಮೇಲೆಯೇ ಹಾಳೆ ಇಟ್ಟುಕೊಂಡು ಉತ್ತರ ಬರೆಯುತ್ತಿದ್ದರು. ಮೊದಲ ಪಾಠ ಕೆಂಪು ಶಾಯಿಯ ಗುರುತುಗಳಿಂದ ತುಂಬಿ ಹಿಂದಿರುಗಿತ್ತು. ಅದನ್ನು ತಂದು ನನಗೆ ತೋರಿಸಿ, ‘ನಾನು ಬರೆದದ್ದನ್ನು ಒಬ್ಬರು ಇಷ್ಟು ಗಮನವಿಟ್ಟು ಓದಿದ್ದು ಇದೇ ಮೊದಲು’ ಎಂದರು. ಯೋಬನ ಪಾಠ ಬಂದದ್ದು ಎರಡನೆಯ ವರ್ಷ. ಅದನ್ನು ಮುಗಿಸಿದ ವಾರ, ಮಳೆಯಲ್ಲಿ, ಆ ಲೈನ್ ಮನೆಗೆ ಹೋದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು.

ಅವರು ಸತ್ಯವೇದ ತೆರೆಯಲಿಲ್ಲ. ‘ಅಮ್ಮ, ಆ ದಿನ ನಾನು ಹೇಳಿದ್ದು ಸುಳ್ಳು. ನಿಮ್ಮ ನಂಬಿಕೆಯಲ್ಲಿ ಏನೂ ಕೊರತೆಯಿರಲಿಲ್ಲ’ ಎಂದು ಹೇಳಿ ನೆಲದ ಮೇಲೆ ಕುಳಿತುಬಿಟ್ಟರು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಮಗನ ಶಾಲೆಯ ಚೀಲವನ್ನು ತಂದು ನಮ್ಮ ಮುಂದೆ ಇಟ್ಟು, ಒಂದೊಂದೇ ಪುಸ್ತಕ ತೆಗೆದು ಅವನ ಅಕ್ಷರ ತೋರಿಸತೊಡಗಿದಳು.